ಒಂದನೇ ನಂಬರಿನ ಬಾಟಲಿ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಮೊದಲ ಮೂರು ತಿಂಗಳು ಒಂದೇ ಕೆಲಸ. ಪಾತ್ರೆ ತೊಳೆಯುವುದು. ಬೀಕರು, ಫ್ಲಾಸ್ಕು, ಬೆರಳುದ್ದದ ಗಾಜಿನ ಶೀಶೆ, ಯಾವುದಾದರೂ ಸರಿ, ಮೊದಲು ಸೋಪಿನ ನೀರು, ಆಮೇಲೆ ನಲ್ಲಿ ನೀರು, ಆಮೇಲೆ ಆಸಿಡ್ಡಿನಲ್ಲಿ ನೆನೆಹಾಕುವುದು, ಕೊನೆಗೆ ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ಜಾಲಾಡುವುದು. ಅಷ್ಟಾದ ಮೇಲೆ ನಮ್ಮ ಪಿಎಚ್‌ಡಿ ಗೈಡ್ ಬಂದು ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇನ್ನೊಂದ್ಸಲ" ಎಂದು ವಾಪಸು ಕೊಡುತ್ತಿದ್ದರು. ನಾವು ಮಾಡುವ ವಸ್ತು ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣದ ಕೊಳೆಯೂ ಅದರ ಮುಂದೆ ಬೆಟ್ಟ, ಎನ್ನುವುದು ಅವರ ವಾದ. ವಾದ ಸರಿಯೇ. ಆದರೆ ಕೈಯ ಚರ್ಮ ಸುಲಿದದ್ದು ನನ್ನದು.

ನಮ್ಮ ಮನೆ ನರಸಿಂಹರಾಜಪುರದಲ್ಲಿ. ಅಪ್ಪನದು ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ, ಕುಕ್ಕರಿನ ರಬ್ಬರು, ಎಲ್ಲವೂ ಸಿಗುವ ಜಾಗ. ಪಾತ್ರೆ ತೊಳೆಯುವ ಕಥೆಯನ್ನು ಫೋನಿನಲ್ಲಿ ಹೇಳಿಕೊಂಡಾಗ ಅಪ್ಪ ಗಿರಾಕಿಗಳ ಎದುರೇ ನಕ್ಕರು.

"ಅಷ್ಟು ದೂರ ಹೋಗಿ ಪಾತ್ರೆನೇ ತೊಳೀತಿದ್ದೀಯಾ? ಇಲ್ಲೇ ಬೇಕಾದಷ್ಟು ಇತ್ತಲ್ಲೇ."

ನನಗೆ ಮೂಗಿನ ತುದಿಯಲ್ಲಿ ಕೋಪ. ಫೋನು ಇಟ್ಟುಬಿಟ್ಟೆ. ಅಂಗಡಿಯ ವಿಷಯವನ್ನು ಮೊದಲೇ ಹೇಳಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದ ಪೆದ್ದುತನಕ್ಕೆ ಪಾತ್ರೆ ಅಂಗಡಿಯವರ ಮಗಳಾದ ನನಗೆ ಕ್ಷಮೆಯೇ ಇಲ್ಲ.

ಲ್ಯಾಬಿನಲ್ಲಿ ನಾವು ಆರು ಜನ. ಹೆಸರಿಗೆ ನ್ಯಾನೋ ವಸ್ತುಗಳ ರಸಾಯನಶಾಸ್ತ್ರ, ನೋಡುವವರ ಕಣ್ಣಿಗೆ ಅಡುಗೆಮನೆ. ಸೊಪ್ಪು, ಸಿಪ್ಪೆ, ಬೀಜಗಳಿಂದ ನ್ಯಾನೋ ಕಣ ತಯಾರಿಸುವುದು ಆಗಿನ ಭರಾಟೆ, ಹಾಗಾಗಿ ನಮ್ಮವರು ಬೇಯಿಸದ ಸೊಪ್ಪಿಲ್ಲ. ಒಂದು ಮೂಲೆಯಲ್ಲಿ ಒಂದೆಲಗ ಕುದಿಯುತ್ತಿದ್ದರೆ ಇನ್ನೊಂದು ಮೂಲೆಯಲ್ಲಿ ಕಿತ್ತಳೆ ಸಿಪ್ಪೆ. ನನ್ನ ಪಾಲಿಗೆ ಬಂದದ್ದು ಹಲಸಿನ ಬೀಜ. ಅದನ್ನು ಅರೆದು, ನೀರು ಸೇರಿಸಿ, ದಪ್ಪ ಉಕ್ಕಿನ ಡಬ್ಬಿಯೊಳಗೆ ಬಿಗಿದು, ಓವನ್ನಿನಲ್ಲಿ ಹಗಲಿಡೀ ಬೇಯಿಸಿದರೆ ಕಾಫಿ ಡಿಕಾಕ್ಷನ್ನಿನಂಥ ದ್ರವ ಸಿಗುತ್ತದೆ. ಸೋಸಿ, ತೆಳ್ಳಗೆ ಮಾಡಿ, ಅತಿನೇರಳೆ ಬೆಳಕಿನ ಟಾರ್ಚು ಹಿಡಿದರೆ ಅದು ನೀಲಿಯಾಗಿ ಹೊಳೆಯುತ್ತದೆ. ಮೊದಲ ಸಲ ಹೊಳೆದಾಗ ನಾನು ಲ್ಯಾಬಿನಲ್ಲಿದ್ದವರನ್ನೆಲ್ಲ ಎಳೆದುಕೊಂಡು ಬಂದು ತೋರಿಸಿದ್ದೆ. ಕಸ ಗುಡಿಸಲು ಬಂದವರನ್ನೂ ಬಿಟ್ಟಿರಲಿಲ್ಲ.

ಈ ದ್ರವಕ್ಕೆ ಇನ್ನೊಂದು ಗುಣವಿತ್ತು. ನೀರಿನಲ್ಲಿ ತಾಮ್ರದ ಅಂಶ ಒಂದಿಷ್ಟಿದ್ದರೂ ನೀಲಿ ಹೊಳಪು ಆರಿಹೋಗುತ್ತದೆ. ತಾಮ್ರ ಹೆಚ್ಚಾದಷ್ಟೂ ಕತ್ತಲು ಹೆಚ್ಚು. ಅಂದರೆ ತಾಮ್ರ ಪತ್ತೆ ಮಾಡುವ ಮದ್ದು. ನಮ್ಮ ಕಡೆ ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಮೈಲುತುತ್ತು ಮತ್ತು ಸುಣ್ಣ ಕಲಸಿ ಹೊಡೆಯುತ್ತಾರೆ. ಮೈಲುತುತ್ತು ಎಂದರೆ ತಾಮ್ರವೇ. ಅದು ಹೊಳೆಗೆ, ಬಾವಿಗೆ ಇಳಿಯುತ್ತದೆಯೇ ಎಂದು ನನ್ನ ಹಲಸಿನ ಬೀಜ ಹೇಳಬಲ್ಲದು. ಮೂರು ವರ್ಷ ಅದರ ಮೇಲೆಯೇ ಕೂತು ಪ್ರಬಂಧ ಬರೆದು ಒಂದು ಪತ್ರಿಕೆಗೆ ಕಳಿಸಿದೆವು. ಪರಿಶೀಲಕರು ಎಲ್ಲವನ್ನೂ ಮೆಚ್ಚಿ ಕೊನೆಯಲ್ಲಿ ಒಂದು ಮುಳ್ಳು ಇಟ್ಟರು: ಲ್ಯಾಬಿನ ನೀರು ಬಿಡಿ, ಊರಿನ ನೀರಿನಲ್ಲಿ ಇದು ಕೆಲಸ ಮಾಡುತ್ತದೆಯೇ, ತೋರಿಸಿ. ಅದಕ್ಕೊಂದು ಗಡುವೂ ಇತ್ತು. ಈ ಪ್ರಬಂಧವೇ ನನ್ನ ಥೀಸಿಸ್ಸಿನ ಕೊನೆಯ ಅಧ್ಯಾಯ. ಅದು ನಿಂತರೆ ನಾನು ಪದವಿ ಪಡೆದು ಹೊರಗೆ ಬರುತ್ತೇನೆ, ಬಿದ್ದರೆ ಹೊಸ ವಿಷಯ ಹಿಡಿದು ಮತ್ತೆ ಓವನ್ನಿನ ಮುಂದೆ ಕೂರುತ್ತೇನೆ. ಲೆಕ್ಕ ಅಷ್ಟು ಸರಳವಾಗಿತ್ತು.

ಮಳೆ ಬಿಟ್ಟು ಹೊಳವಾದ ಒಂದು ವಾರ ನೋಡಿ ಜೀಪಿನಲ್ಲಿ ಹೊರಟೆವು. ಗೈಡ್, ನಾನು, ಮತ್ತು ನಮ್ಮ ಸೀನಿಯರ್, ಕೊಪ್ಪದವನು, ಬೆಳ್ಳಿಯ ಕಣಗಳ ಮೇಲೆ ಕೆಲಸ ಮಾಡುವವನು, ಬಾಯಿಗೆ ಬೀಗವಿಲ್ಲದವನು. ಗೈಡ್ ಬಯಲುಸೀಮೆಯವರು. ತಾವು ಪ್ರಾಣಕ್ಕೆ ಹೆದರುವುದಿಲ್ಲ, ರಕ್ತ ಹೀರುವ ಇಂಬಳಕ್ಕೆ ಹೆದರುತ್ತೇವೆ ಎಂದು ಘೋಷಿಸಿ, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಎರಡು ಜೇಬಿನಲ್ಲೂ ಉಪ್ಪಿನ ಪೊಟ್ಟಣ ಇಟ್ಟುಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಇಪ್ಪತ್ತು ಬಾಟಲಿಗಳು. ನಾನೇ ಆಸಿಡ್ಡಿನಲ್ಲಿ ತೊಳೆದವು, ಒಂದೊಂದಕ್ಕೂ ನಂಬರು.

ಒಂದನೇ ನಂಬರು ಮೆಣಸೆಗೆ. ಶೃಂಗೇರಿ ದಾಟಿ, ಕಾಡಿನ ಅಂಚಿನಲ್ಲಿ ನನ್ನ ಅಮ್ಮನ ಶಾಲೆಯ ಗೆಳತಿಯ ಮನೆ ಇದೆ. ನಾನು ಅವರನ್ನು ಚಿಕ್ಕಮ್ಮ ಎಂದೇ ಕರೆಯುವುದು. ಅವರ ಬಾವಿ ತೋಟಕ್ಕಿಂತ ಮೇಲೆ, ಗುಡ್ಡದ ಬುಡದಲ್ಲಿದೆ, ಅಲ್ಲಿಗೆ ಯಾವ ಔಷಧಿಯೂ ಇಳಿಯುವುದಿಲ್ಲ. ಅದಕ್ಕೇ ಗೈಡ್ ಅದನ್ನು ಆರಿಸಿದ್ದರು. ಪರೀಕ್ಷೆಯಲ್ಲಿ ಹೀಗೆ ಒಂದು ಶುದ್ಧ ನೀರು ಬೇಕು. ಉಳಿದ ಎಲ್ಲ ನೀರನ್ನೂ ಅದರ ಪಕ್ಕದಲ್ಲಿಟ್ಟು ಅಳೆಯುವುದು. ಅದಕ್ಕೆ ನಾವು ಬ್ಲ್ಯಾಂಕ್ ಎನ್ನುತ್ತೇವೆ.

ಬರುವ ವಿಷಯವನ್ನು ಅಮ್ಮ ಎರಡು ದಿನ ಮೊದಲೇ ಫೋನು ಮಾಡಿ ಹೇಳಿದ್ದರು. ಚಿಕ್ಕಮ್ಮ ಜಗಲಿ ಸಾರಿಸಿ, ಹೊಸ ಚಾಪೆ ಹಾಸಿ ಕಾಯುತ್ತಿದ್ದರು. ನಾನು ಬಾಟಲಿ ಹಿಡಿದು ಬಾವಿಯ ಕಡೆ ಹೊರಟರೆ ಕೈಯಿಂದ ಕಿತ್ತುಕೊಂಡರು.

"ಕೊಡು ಇಲ್ಲಿ. ನೀನು ಕೂತ್ಕೊ. ಬಾವಿಕಟ್ಟೆ ಪಾಚಿಗಟ್ಟಿದೆ, ನಿಮ್ಮ ಮೇಷ್ಟ್ರು ಜಾರಿ ಬಿದ್ರೆ ಎಂತ ಮಾಡೂದು?"

ಗೈಡ್ ಆಗಲೇ ಕಡುಬಿನ ತಟ್ಟೆಯ ಮುಂದೆ ಕೂತಿದ್ದರು. ಜಾರಿ ಬೀಳುವ ಯೋಚನೆಯೇ ಅವರಿಗಿರಲಿಲ್ಲ. ಐದು ನಿಮಿಷದಲ್ಲಿ ಚಿಕ್ಕಮ್ಮ ಒಳಗಿನಿಂದ ಬಂದು, ಕಂಠದ ತನಕ ತುಂಬಿದ ಬಾಟಲಿಯನ್ನು ಸೆರಗಿನಿಂದ ಒರೆಸಿ ಕೊಟ್ಟರು. ನಾನು ಪುಸ್ತಕದಲ್ಲಿ "ಒಂದು, ಮೆಣಸೆ, ಬಾವಿ ನೀರು" ಎಂದು ಬರೆದುಕೊಂಡು ಎರಡನೇ ಕಡುಬಿಗೆ ಕೈ ಹಾಕಿದೆ. ಈಗಲೂ ಆ ಪುಸ್ತಕದ ಆ ಪುಟದ ಮೇಲೆ ಎಣ್ಣೆಯ ಬೆರಳಚ್ಚಿದೆ.

ಅಲ್ಲಿಂದ ಹರಿಹರಪುರದ ಹೊಳೆ, ಕೊಪ್ಪದ ಆಸುಪಾಸಿನ ಕೆರೆಗಳು, ಆಮೇಲೆ ಕಮ್ಮರಡಿ. ಕಮ್ಮರಡಿಯಲ್ಲಿ ಒಬ್ಬರು ರಸ್ತೆಯ ಬದಿಯಲ್ಲೇ ನೀಲಿ ಡ್ರಮ್ಮಿನಲ್ಲಿ ಔಷಧಿ ಕಲಸುತ್ತಿದ್ದರು. ನಾವು ನೋಡುತ್ತಿದ್ದಂತೆ ಸೊಂಟದ ಕತ್ತಿಯನ್ನು ತೆಗೆದು ಡ್ರಮ್ಮಿನೊಳಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ಅಲಗನ್ನು ನೋಡಿದರು.

"ಕತ್ತಿ ಕೆಂಪಾದ್ರೆ ಸುಣ್ಣ ಸಾಲದು ಅಂತ. ಕೆಂಪಾಗ್ಲಿಲ್ಲ, ಸರಿ ಉಂಟು" ಎಂದು ಗೈಡಿಗೆ ವಿವರಿಸಿದರು.

ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ರಸಾಯನಶಾಸ್ತ್ರ. ನಮ್ಮ ಗೈಡ್ ಅದನ್ನು ತರಗತಿಯಲ್ಲಿ ಒಂದು ಗಂಟೆ ಹೇಳುತ್ತಾರೆ. ನಾನು ಸುಮ್ಮನಿರಬಹುದಿತ್ತು. ನಮ್ಮದು ಇದಕ್ಕಿಂತ ಸಾವಿರ ಪಾಲು ಸೂಕ್ಷ್ಮ ಎಂದು ಜಂಬ ಕೊಚ್ಚಿದೆ.

"ಹೌದಾ? ಎಷ್ಟು ಹೊತ್ತು ಬೇಕು?"

"ಲ್ಯಾಬಿಗೆ ತಗೊಂಡು ಹೋಗಿ, ಸೋಸಿ, ಒಂದೆರಡು ದಿನ."

"ಅಷ್ಟೊತ್ತಿಗೆ ಮಳೆ ಬರ್ತದೆ ಮಾರಾಯ್ತಿ" ಎಂದು ಅವರು ಕತ್ತಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೀನಿಯರ್ ಇದನ್ನು ನರಸಿಂಹರಾಜಪುರದ ತನಕ ಹೇಳಿ ಹೇಳಿ ನಕ್ಕ. ಭದ್ರೆಯ ಹಿನ್ನೀರಿನಲ್ಲಿ ಇಪ್ಪತ್ತನೇ ಬಾಟಲಿ ತುಂಬಿದಾಗ ಗೈಡಿನ ಉಪ್ಪಿನ ಪೊಟ್ಟಣ ಎರಡೂ ಖಾಲಿಯಾಗಿದ್ದವು. ಇಂಬಳ ಕಚ್ಚಿದ್ದು ಮಾತ್ರ ನನಗೆ.

ಲ್ಯಾಬಿಗೆ ಬಂದು ಅಳೆಯಲು ಕೂತೆ. ಕಮ್ಮರಡಿಯ ತೋಟದ ಕಾಲುವೆಯಲ್ಲಿ ಸ್ವಲ್ಪ ತಾಮ್ರ, ಹೊಳೆಯಲ್ಲಿ ಇಲ್ಲವೆನ್ನುವಷ್ಟು, ಹಿನ್ನೀರಿನಲ್ಲಿ ಇಲ್ಲವೇ ಇಲ್ಲ. ಎಲ್ಲ ನಾವು ಎಣಿಸಿದ ಹಾಗೆಯೇ. ಒಂದನೇ ನಂಬರು ಬಿಟ್ಟು. ಕಾಡಿನ ಬುಡದ ಆ ಶುದ್ಧ ಬಾವಿಯ ನೀರು ಹಾಕಿದ ಕೂಡಲೇ ನನ್ನ ನೀಲಿ ಆರಿಹೋಯಿತು. ಇಪ್ಪತ್ತರಲ್ಲಿ ಅತಿ ಹೆಚ್ಚು ಕತ್ತಲೆಯಾದದ್ದು ಅದೇ.

ಶೀಶೆಗಳನ್ನು ಮತ್ತೆ ತೊಳೆದು ಅಳೆದೆ. ಮೂರನೇ ಸಲವೂ ಅದೇ. ತಾಮ್ರ ಇರಲು ಸಾಧ್ಯವೇ ಇಲ್ಲದ ಕಡೆ ಇದೆ ಎನ್ನುತ್ತಿದೆ ಎಂದರೆ ಮದ್ದು ಬೇರೇನನ್ನೋ ನೋಡಿ ತಾಮ್ರ ಎನ್ನುತ್ತಿದೆ. ಕಾಡಿನ ಮಣ್ಣಿನ ಕಬ್ಬಿಣವಿರಬಹುದು, ಕೊಳೆತ ಎಲೆಯ ಒಗರಿರಬಹುದು. ಏನೇ ಇರಲಿ, ಸುಳ್ಳು ಹೇಳುವ ಮದ್ದಿನ ಮೇಲೆ ಥೀಸಿಸ್ ನಿಲ್ಲುವುದಿಲ್ಲ. ಖಚಿತವಾಗಿ ಅಳೆಯುವ ದೊಡ್ಡ ಯಂತ್ರ ಬೇರೆ ಊರಿನ ಸಂಸ್ಥೆಯೊಂದರಲ್ಲಿತ್ತು, ಅಲ್ಲಿ ಸರದಿ ಬರುವಷ್ಟರಲ್ಲಿ ನಮ್ಮ ಗಡುವು ಮುಗಿಯುತ್ತಿತ್ತು. ಗೈಡ್ ಅಂಕಿಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ತಮ್ಮ ಕೋಣೆಗೆ ಹೋದರು. ಅವರು "ಇನ್ನೊಂದ್ಸಲ" ಎನ್ನದ ಮೊದಲ ದಿನ ಅದು. ನನಗೆ ನಿಜಕ್ಕೂ ಭಯವಾಯಿತು.

ಸೀನಿಯರ್ ಮೆಲ್ಲಗೆ ಬಂದು ಪಕ್ಕದ ಸ್ಟೂಲಿನಲ್ಲಿ ಕೂತ.

"ಒಂದನೇ ಬಾಟ್ಲಿ ದಾರೀಲಿ ಒಡೆದು ಹೋಯ್ತು ಅಂತ ತಿಳ್ಕ. ಹಿನ್ನೀರೇ ಬ್ಲ್ಯಾಂಕು. ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?"

ಅವನು ಕೆಟ್ಟವನಲ್ಲ. ನನ್ನ ಸೋತ ಮುಖ ನೋಡಲಾರದೆ ಹೇಳಿದ್ದು. ಆದರೆ ನಾನು ಆ ಮಾತಿಗೆ ಕಿವಿಗೊಟ್ಟೆ ಎನ್ನುವುದನ್ನು ಇಲ್ಲಿ ಬರೆಯಲೇಬೇಕು. ಹತ್ತೊಂಬತ್ತು ಸಾಲಿನ ಒಂದು ಕೋಷ್ಟಕ ಮಾಡಿ, "ಅಂತಿಮ" ಎಂದು ಹೆಸರಿಟ್ಟು ಕಂಪ್ಯೂಟರಿನಲ್ಲಿ ಉಳಿಸಿದೆ. ಬಹಳ ಚೆಂದದ ಕೋಷ್ಟಕ. ಯಾವ ಪರಿಶೀಲಕರೂ ಬೆರಳು ತೋರಿಸಲಾರರು. ಎರಡು ದಿನ ಅದನ್ನು ತೆಗೆದು ನೋಡುವುದು, ಮುಚ್ಚುವುದು. ಊಟ ರುಚಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ನನ್ನ ಮೇಲೇ ಸಿಟ್ಟು ಬಂದು, ಯಾರಿಗೂ ಹೇಳದೆ ಶೃಂಗೇರಿ ಬಸ್ಸು ಹತ್ತಿದೆ. ಚೀಲದಲ್ಲಿ ತೊಳೆದ ಬಾಟಲಿಗಳು, ಒಂದು ಶೀಶೆ ಮದ್ದು, ಟಾರ್ಚು, ಒಳಗೆ ಕಪ್ಪು ಕಾಗದ ಅಂಟಿಸಿ ಒಂದು ಕಡೆ ತೂತು ಕೊರೆದ ಚಪ್ಪಲಿಯ ಡಬ್ಬಿ. ನೀರಲ್ಲಿ ಏನಿದೆಯೋ ಅಲ್ಲೇ ನೋಡಿಬಿಡುವುದು, ಮದ್ದು ಸುಳ್ಳಾದರೆ ಸುಳ್ಳು ಎಂದು ಗೈಡಿಗೆ ಹೇಳಿಬಿಡುವುದು. ಅಷ್ಟು ಗಟ್ಟಿ ಮಾಡಿಕೊಂಡಿದ್ದೆ.

ಮೆಣಸೆಯಲ್ಲಿ ಚಿಕ್ಕಮ್ಮ ಹಿತ್ತಿಲಿನಲ್ಲಿ, ಬಾವಿಯ ಪಕ್ಕ, ಕೆಸುವಿನೆಲೆ ಕೊಯ್ಯುತ್ತಿದ್ದರು. ನನ್ನನ್ನು ನೋಡಿ ಖುಷಿಪಟ್ಟವರು ನನ್ನ ಕೈಯ ಬಾಟಲಿ ನೋಡಿ ಪೆಚ್ಚಾದರು.

"ಎಂತ ಮಾರಾಯ್ತಿ, ಒಂದು ಫೋನು ಮಾಡಬಾರದಿತ್ತಾ? ಇವತ್ತು ಕೊಡ ಬೆಳಗಲಿಲ್ಲ."

"ಕೊಡ ಯಾಕೆ ಚಿಕ್ಕಮ್ಮ? ನಂಗೆ ಬೇಕಿದ್ದದ್ದು ಬಾವಿ ನೀರು."

"ಬಾವಿದೇ. ಆವತ್ತು ನೀವು ಬರ್ತೀರಿ ಅಂತ ಹಿಂದಿನ ದಿನವೇ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಾಕಿ ಬೆಳಗಿ, ನೀರು ಸೇದಿ ತುಂಬಿಸಿ ಇಟ್ಟಿದ್ದೆ. ಯೂನಿವರ್ಸಿಟಿಯಿಂದ ಬಂದವ್ರಿಗೆ ಪ್ಲಾಸ್ಟಿಕ್ ಬಕೇಟಿನ ನೀರು ಕೊಡಕ್ಕೆ ಆಗ್ತದಾ? ನಿಮ್ಮಮ್ಮ ಎಂತ ತಿಳ್ಕೊಂಡಾಳು?"

ನಾನು ಬಾವಿಕಟ್ಟೆಯ ಮೇಲೆಯೇ ಕೂತುಬಿಟ್ಟೆ. ಪಾಚಿ ಇತ್ತು, ಲಂಗ ಹಾಳಾಯಿತು, ಗೊತ್ತಾಗಲಿಲ್ಲ. ಹುಣಸೆಹಣ್ಣಿನ ಹುಳಿ, ಬೆಳಗಿದ ತಾಮ್ರ, ಅದರಲ್ಲಿ ಒಂದು ಹಗಲು ಒಂದು ರಾತ್ರಿ ನಿಂತ ನೀರು. ಮೂರು ತಿಂಗಳು ಪಾತ್ರೆ ತೊಳೆದು, ಬಾಟಲಿಯನ್ನು ಆಸಿಡ್ಡಿನಲ್ಲಿ ಅದ್ದಿ, ಮದ್ದನ್ನೂ ಕಾಡನ್ನೂ ಎಲೆಯನ್ನೂ ಅನುಮಾನಿಸಿದ ನಾನು, ನೀರು ಯಾವ ಪಾತ್ರೆಯಿಂದ ಬಂತು ಎಂದು ಮಾತ್ರ ಕೇಳಿರಲಿಲ್ಲ. ಅಂಗಡಿಯಲ್ಲಿ ಅಪ್ಪ ತಾಮ್ರದ ಕೊಡ ಮಾರುವಾಗ ಗಿರಾಕಿಗೆ ಹೇಳುವ ಮಾತೇ ಅದು. ರಾತ್ರಿ ನೀರು ಹಾಕಿಡಿ, ತಾಮ್ರದ ಸತ್ವ ಇಳೀತದೆ. ಚಿಕ್ಕಂದಿನಿಂದ ಕೇಳಿದ್ದೇನೆ.

ಅಡುಗೆಮನೆಯಲ್ಲಿ ಆ ಕೊಡದಲ್ಲಿ ಹಿಂದಿನ ದಿನದ ನೀರು ಅರ್ಧ ಇತ್ತು. ಒಂದು ಶೀಶೆಗೆ ಅದನ್ನು ಹಾಕಿದೆ. ಇನ್ನೊಂದಕ್ಕೆ ನಾನೇ ಬಕೇಟು ಬಿಟ್ಟು ಸೇದಿದ ನೀರು. ಎರಡಕ್ಕೂ ನಾಲ್ಕು ನಾಲ್ಕು ಹನಿ ಮದ್ದು. ಡಬ್ಬಿಯೊಳಗಿಟ್ಟು ಟಾರ್ಚು ಹಾಕಿ, ತೂತಿಗೆ ಕಣ್ಣಿಡಲು ಚಿಕ್ಕಮ್ಮನನ್ನೇ ಕರೆದೆ. ನನಗೆ ನೋಡುವ ಧೈರ್ಯವಿರಲಿಲ್ಲ.

"ಒಂದು ನೀಲಿ ಉಂಟು. ಚೆಂದ ಉಂಟು. ಇನ್ನೊಂದು ಮಂಕು."

"ನೀಲಿ ಯಾವ ಬದಿ?"

"ಎಡಗಡೆ. ಬಕೇಟಿಂದು."

ನಾನು ಅತ್ತೆನೋ ನಕ್ಕೆನೋ ಈಗ ಸರಿಯಾಗಿ ನೆನಪಿಲ್ಲ. ಚಿಕ್ಕಮ್ಮನಿಗೆ ವಿಷಯವನ್ನೆಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅವರ ಮುಖ ಇಳಿಯಿತು. ಮೊದಲು ನಮ್ಮ ಕೊಡದ ನೀರು ಕುಡಿಯಬಾರದಾ ಎಂದು ಕೇಳಿದರು. ಕುಡಿಯಲು ಅಷ್ಟರಿಂದ ಏನೂ ಆಗುವುದಿಲ್ಲ, ಬೆಳಗಿದ ಮೇಲೆ ಹುಳಿ ಹೋಗುವ ಹಾಗೆ ತೊಳೆದರೆ ಸಾಕು, ನನ್ನ ಮದ್ದಿಗೆ ಸಣ್ಣದನ್ನೂ ದೊಡ್ಡದು ಮಾಡಿ ಹೇಳುವ ಚಾಳಿ ಎಂದೆ. ಆಮೇಲೆ, ನಿನ್ನ ಓದು ನನ್ನಿಂದ ಹಾಳಾಗ್ತಿತ್ತಲ್ಲ ಎಂದರು. ಒಡೆದುಹೋಯಿತು ಎಂದು ಬರೆಯಲು ಹೊರಟಿದ್ದ ಕೋಷ್ಟಕದ ಕಥೆಯನ್ನೂ ಹೇಳಿದೆ. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಅವರು ಡಬ್ಬಿಯ ಮುಚ್ಚಳ ಸವರುತ್ತಾ ಹೇಳಿದರು:

"ಅಂದ್ರೆ ಅದು ಸುಳ್ಳು ಹೇಳ್ಲಿಲ್ಲ. ಸರಿಯಾಗೇ ಹೇಳಿತ್ತು. ನೀನು ನಂಬಲಿಲ್ಲ, ಅಷ್ಟೇ."

ಮೂರು ವರ್ಷದಲ್ಲಿ ಯಾವ ಪರಿಶೀಲಕರೂ ನನ್ನನ್ನು ಇಷ್ಟು ಸರಿಯಾಗಿ ಹಿಡಿದಿರಲಿಲ್ಲ. ಕೆಸುವಿನೆಲೆಯ ಪತ್ರೊಡೆ ತಿಂದೆ. ಹೊರಡುವಾಗ ಬಾವಿಯ ಹಗ್ಗ ಹಿಡಿದು ನಾನೇ ಸೇದಿದ ಎರಡು ಬಾಟಲಿ, ಕೊಡದಿಂದ ಒಂದು ಬಾಟಲಿ ತುಂಬಿಕೊಂಡೆ. ಹಿಂದಿರುಗಿದ ಮೇಲೆ ಮಾಡಿದ ಮೊದಲ ಕೆಲಸ "ಅಂತಿಮ" ಕೋಷ್ಟಕವನ್ನು ಅಳಿಸಿದ್ದು.

ಗೈಡ್ ಕೇಳಿ ಎಷ್ಟು ನಕ್ಕರೆಂದರೆ ಪಕ್ಕದ ಲ್ಯಾಬಿನವರು ಇಣುಕಿ ನೋಡಿದರು. ನಕ್ಕು ಮುಗಿಸಿ, ಎರಡೂ ಸಾಲು ಇರಲಿ, ಮುಚ್ಚುವುದು ಬೇಡ ಎಂದರು. ಈಗ ಸೇದಿ ತಂದ ಬಾವಿಯದು ಒಂದು, ಮೊದಲ ಸಲದ ಕೊಡದ್ದು ಒಂದು. ನಾವು ಬೇಕೆಂದು ಯೋಚಿಸಿ ಮಾಡಿದ್ದರೂ ಇಷ್ಟು ಒಳ್ಳೆಯ ಪರೀಕ್ಷೆ ಆಗುತ್ತಿರಲಿಲ್ಲ, ಒಂದೇ ನೀರು, ಒಂದರಲ್ಲಿ ತಾಮ್ರ ಇಲ್ಲ, ಒಂದರಲ್ಲಿ ಇದೆ. ಪರಿಶೀಲಕರಿಗೆ ಆ ಸಾಲೇ ಹಿಡಿಸಿತು. ಪ್ರಬಂಧ ಒಪ್ಪಿಗೆಯಾಯಿತು. ಮುಂದೆ ಸರದಿ ಬಂದಾಗ ದೊಡ್ಡ ಯಂತ್ರವೂ ಅದನ್ನೇ ಹೇಳಿತು, ಆ ಹೊತ್ತಿಗೆ ನನಗೆ ಅದರ ಮಾತಿನ ಅಗತ್ಯವಿರಲಿಲ್ಲ. ಸೀನಿಯರ್ ಲ್ಯಾಬಿನ ಗೋಡೆಗೆ ಒಂದು ಕಾಗದ ಅಂಟಿಸಿದ: "ಮನೆಯವರು ಕೊಟ್ಟ ನೀರನ್ನು ಕುಡಿಯತಕ್ಕದ್ದು, ಅಳೆಯತಕ್ಕದ್ದಲ್ಲ." ಅದು ಇನ್ನೂ ಅಲ್ಲೇ ಇದೆ. ಹೊಸಬರು ಪಾತ್ರೆ ತೊಳೆಯುತ್ತಾ ಅದನ್ನು ಓದುತ್ತಾರೆ.

ಅಪ್ಪನಿಗೆ ಹೇಳಿದಾಗ ಈ ಸಲ ಅವರು ನಗಲಿಲ್ಲ. ಅಂಗಡಿಯಲ್ಲಿ ತಾಮ್ರದ ಕೊಡ ಕೊಳ್ಳುವವರಿಗೆ, ಸತ್ವ ಇಳಿಯುವುದು ವಿಶ್ವವಿದ್ಯಾಲಯದಲ್ಲಿ ಸಾಬೀತಾಗಿದೆ ಎಂದು ಹೇಳಲು ಶುರುಮಾಡಿದರು. ಬೇಡ ಎಂದರೂ ಕೇಳುವುದಿಲ್ಲ.

ಪದವಿ ಕೈಗೆ ಬಂದ ಮೇಲೆ ಥೀಸಿಸ್ಸಿನ ಒಂದು ಪ್ರತಿಯನ್ನು ಮೆಣಸೆಗೆ ತೆಗೆದುಕೊಂಡು ಹೋದೆ. ಕಪ್ಪು ರಟ್ಟು, ಬಂಗಾರದ ಅಕ್ಷರ, ಪೂರ್ತಿ ಇಂಗ್ಲಿಷು. ಚಿಕ್ಕಮ್ಮ ಕೈ ತೊಳೆದುಕೊಂಡು ಬಂದು ಅದನ್ನು ಮಡಿಲಲ್ಲಿಟ್ಟುಕೊಂಡರು. ನಾನು ಆ ಪುಟ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಕನ್ನಡದಲ್ಲಿ ಹೇಳಿದೆ: ಮೆಣಸೆ, ಬಾವಿ ನೀರು, ತಾಮ್ರದ ಕೊಡದಲ್ಲಿ ಇಟ್ಟದ್ದು.

"ಅಷ್ಟೇನಾ?"

"ಅಷ್ಟೇ."

"ಬೆಳಗಿದ್ದು ಅಂತ ಬರೀಲಿಲ್ವಾ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಮೇಷ್ಟ್ರು ಬರುತ್ತಾರೆ ಎಂದು ಸೊಂಟ ನೋವಿನಲ್ಲಿ ಕೂತು ಆ ದೊಡ್ಡ ಕೊಡವನ್ನು ಉಜ್ಜಿದವರು ಅವರು, ಓದಿದವರು ಯಾರಾದರೂ ಕಿಲುಬು ಹಿಡಿದ ಕೊಡ ಎಂದುಕೊಂಡರೆ? ಹುಳಿಯಿಂದಲೇ ತಾನೇ ಅಷ್ಟು ತಾಮ್ರ ಇಳಿದದ್ದು, ಐದು ವರ್ಷ ಓದಿದ ನಾನು ಅದನ್ನು ಬರೆಯದೇ ಬಿಟ್ಟಿದ್ದೆ. ಚೀಲದಿಂದ ಪೆನ್ನು ತೆಗೆದು ಆ ಸಾಲಿನ ಪಕ್ಕದ ಖಾಲಿ ಜಾಗದಲ್ಲಿ, ಅವರು ನೋಡುತ್ತಿದ್ದಂತೆ, ದಪ್ಪ ಕನ್ನಡ ಅಕ್ಷರದಲ್ಲಿ ಬರೆದೆ: ಹುಣಸೆಹಣ್ಣು ಹಾಕಿ ಬೆಳಗಿದ ಕೊಡ.

ಚಿಕ್ಕಮ್ಮ ಅದನ್ನು ಎರಡು ಸಲ ಓದಿಕೊಂಡು, ಶಾಯಿ ಒಣಗುವ ತನಕ ಪುಸ್ತಕ ಮುಚ್ಚಲಿಲ್ಲ.